ಇಂಟರ್ನೆಟ್ ಕಂಪನಿ ಬದಲಿಸಿದ ಮೇಲೆ ನ್ಯಾಸ್ ಡಬ್ಬಿ ಕಾಣುತ್ತಿಲ್ಲವೇ? ರೀಸೆಟ್ ಒತ್ತುವ ಮೊದಲು ಇಷ್ಟು ಮಾಡಿ

ಹೊಸ ಫೈಬರ್ ಹಾಕಲು ಬಂದ ಹುಡುಗ ಇಪ್ಪತ್ತೇ ನಿಮಿಷದಲ್ಲಿ ಕೆಲಸ ಮುಗಿಸಿದ. ಹಳೆಯ ರೌಟರ್ ಕಿತ್ತ, ಗೋಡೆಗೆ ಹೊಸ ಬಿಳಿ ಡಬ್ಬಿ ಕೂರಿಸಿದ, ನನ್ನ ಫೋನಿನಲ್ಲೇ ಸ್ಪೀಡ್ ತೋರಿಸಿದ. "ನೆಟ್ ಬಂತಲ್ರೀ, ಏನಾರ ಇದ್ರ ಫೋನ್ ಮಾಡ್ರಿ" ಎಂದು ಬೈಕ್ ಹತ್ತಿದ.

ಸಂಜೆ ಅಪ್ಪ ಟಿವಿ ಮುಂದೆ ಕೂತರು. ಅವರು ವರ್ಷಗಟ್ಟಲೆ ಕೂಡಿಸಿದ ಸಂಗೀತದ ಕ್ಯಾಸೆಟ್‌ಗಳನ್ನು ಎರಡು ಬೇಸಿಗೆ ಕೂತು ಕಂಪ್ಯೂಟರಿಗೆ ಇಳಿಸಿ ನ್ಯಾಸ್ ಎಂಬ ಹಾರ್ಡ್‌ಡಿಸ್ಕ್ ಪೆಟ್ಟಿಗೆಗೆ ಹಾಕಿದ್ದೆ. ಧಾರವಾಡದ ಮನೆಯಲ್ಲಿ ಇದು ಒಡವೆಗಿಂತ ಜಾಸ್ತಿ ಜೋಪಾನ ಮಾಡುವ ವಸ್ತು. ಐದು ನಿಮಿಷಕ್ಕೆ ಕೂಗು ಬಂತು: "ಏನಪಾ, ಡಬ್ಬಿ ಲೈಟ್ ಹತ್ತೇತಿ, ಒಳಗಿಂದು ಒಂದೂ ಬರವಲ್ದು. ಎಲ್ಲಾ ಹೋತೇನು?"

ಏನೂ ಹೋಗಿರಲಿಲ್ಲ. ಇಂಥ ಹತ್ತು ಪ್ರಸಂಗದಲ್ಲಿ ಒಂಬತ್ತರಲ್ಲಿ ಏನೂ ಹೋಗಿರುವುದಿಲ್ಲ. ಮನೆ ಅದೇ ಇರುತ್ತದೆ, ಓಣಿಯ ನಂಬರ್ ಬದಲಾಗಿರುತ್ತದೆ, ಅಷ್ಟೇ. ನಾನು ಆ ರಾತ್ರಿ ಮಾಡಿದ್ದು, ಆಮೇಲೆ ಹುಬ್ಬಳ್ಳಿಯ ಗೆಳೆಯನ ಮನೆಯಲ್ಲಿ, ಗದಗಿನ ಸೋದರಮಾವನ ಪ್ರೆಸ್ಸಿನಲ್ಲಿ ಮಾಡಿದ್ದು ಎಲ್ಲ ಸೇರಿಸಿ ಇಲ್ಲಿ ಬರೆದಿದ್ದೇನೆ. ಇದೇ ಕ್ರಮದಲ್ಲಿ ಮಾಡಿದರೆ ಸಮಯ ಉಳಿಯುತ್ತದೆ.

ನ್ಯಾಸ್ ಅಂದರೆ ಏನು ಎಂದು ಮನೆಯವರು ಕೇಳಿದರೆ ಒಂದೇ ಮಾತು: ಮನೆಯ ರೌಟರಿಗೆ ಜೋಡಿಸಿದ ಹಾರ್ಡ್‌ಡಿಸ್ಕ್ ಪೆಟ್ಟಿಗೆ. ಸಿನಾಲಜಿ, ಕ್ಯೂನ್ಯಾಪ್, ವೆಸ್ಟರ್ನ್ ಡಿಜಿಟಲ್ ಹೀಗೆ ಬೇರೆ ಬೇರೆ ಕಂಪನಿಯವು ಸಿಗುತ್ತವೆ. ಅದಕ್ಕೆ ಇಂಟರ್ನೆಟ್ ಬೇಕೇ ಬೇಕು ಅಂತೇನಿಲ್ಲ. ಮನೆಯೊಳಗಿನ ರೌಟರ್ ಇದ್ದರೆ ಸಾಕು. ಹಾಗಾಗಿಯೇ ಇಂಟರ್ನೆಟ್ ಕಂಪನಿಗೆ ಫೋನ್ ಮಾಡಿದರೆ "ನಮ್ಮ ಕಡೆ ಎಲ್ಲಾ ಸರಿ ಅದ ರೀ" ಅನ್ನುತ್ತಾರೆ. ಅವರ ಮಟ್ಟಿಗೆ ಅದು ನಿಜವೇ.

ಮೊದಲು ಏನನ್ನು ಮಾಡಬಾರದು

ಹಿಂದಿರುವ ಸಣ್ಣ ತೂತಿಗೆ ಪಿನ್ ಹಾಕಿ ರೀಸೆಟ್ ಒತ್ತಬೇಡಿ. ಅದಕ್ಕೂ ಒಂದು ಹೊತ್ತು ಬರುತ್ತದೆ, ಆದರೆ ಕೊನೆಯಲ್ಲಿ. ಹಾರ್ಡ್‌ಡಿಸ್ಕ್ ಹೊರಗೆಳೆದು ಲ್ಯಾಪ್‌ಟಾಪಿಗೆ ಹಚ್ಚಬೇಡಿ. ನ್ಯಾಸ್‌ಗಳು ಸಾಮಾನ್ಯವಾಗಿ ಲಿನಕ್ಸ್ ಬಗೆಯ ಫಾರ್ಮ್ಯಾಟ್ ಬಳಸುತ್ತವೆ. ವಿಂಡೋಸ್‌ಗೆ ಅದು ಅರ್ಥವಾಗದೆ "ಫಾರ್ಮ್ಯಾಟ್ ಮಾಡಲೇ?" ಎಂದು ಕೇಳುತ್ತದೆ. ಗಡಿಬಿಡಿಯಲ್ಲಿ ಹೌದು ಅಂದರೆ ನಿಜವಾಗಿಯೂ ಎಲ್ಲ ಹೋಗುತ್ತದೆ. ಬ್ರೌಸರಿನಲ್ಲಿ ಎಲ್ಲಾದರೂ "ಇನಿಶಿಯಲೈಸ್" ಎಂಬ ಮಾತು ಕಂಡರೂ ಅಲ್ಲೇ ನಿಲ್ಲಿಸಿ.

ಹಂತ 1: ಅಡಾಪ್ಟರ್ ಯಾರದ್ದು, ವೈರ್ ಎಲ್ಲಿಗೆ?

ನಗಬೇಡಿ. ಹುಬ್ಬಳ್ಳಿ ವಿದ್ಯಾನಗರದ ನನ್ನ ಗೆಳೆಯ ಮದುವೆ ಫೋಟೋ ತೆಗೆಯುವವನು. ಒಂದು ದಿನ ಫೋನ್ ಮಾಡಿ "ಲೇ, ಡಿಸ್ಕ್ ಹೋಗ್ಯಾವ ಅನಸ್ತೈತಿ, ಟಕ್ ಟಕ್ ಅಂದು ಬಂದ್ ಆಗಾಕತ್ತೇತಿ" ಅಂದ. ಹೋಗಿ ನೋಡಿದರೆ ನ್ಯಾಸ್‌ಗೆ ರೌಟರಿನ ಅಡಾಪ್ಟರ್ ಚುಚ್ಚಿತ್ತು. ಎರಡೂ ಕಪ್ಪು, ಎರಡೂ 12 ವೋಲ್ಟ್, ಪಿನ್ನೂ ಕೂತಿತ್ತು. ಆದರೆ ರೌಟರಿನದ್ದು 1 ಆಂಪಿಯರ್. ಎರಡು ಹಾರ್ಡ್‌ಡಿಸ್ಕಿನ ನ್ಯಾಸ್‌ಗೆ ಸುಮಾರು 60 ವಾಟ್, ಅಂದರೆ 12 ವೋಲ್ಟಿನಲ್ಲಿ 5 ಆಂಪಿಯರ್ ಬೇಕು. ಡಿಸ್ಕ್ ತಿರುಗಲು ಹೊರಟ ಕ್ಷಣಕ್ಕೆ ಕರೆಂಟ್ ಸಾಲದೆ ಕುಸಿಯುತ್ತಿತ್ತು. ಸರಿಯಾದ ಅಡಾಪ್ಟರ್ ಹಳೆಯ ರೌಟರಿನ ಜೊತೆ ನೆಟ್ ಹಾಕಲು ಬಂದವರ ಚೀಲ ಸೇರಿತ್ತು. ಫೋನ್ ಮಾಡಿ ಮಾರನೇ ದಿನ ವಾಪಸ್ ತರಿಸಿಕೊಂಡ.

ಅಡಾಪ್ಟರಿನ ಮೇಲಿನ ಸಣ್ಣ ಅಕ್ಷರ ಓದಿ. ಆಮೇಲೆ ವೈರ್ ನೋಡಿ. ನ್ಯಾಸ್‌ನಿಂದ ಹೊರಟ ಲ್ಯಾನ್ ಕೇಬಲ್ ಹೊಸ ರೌಟರಿನ ಲ್ಯಾನ್ ಎಂದು ಬರೆದ ತೂತಿನಲ್ಲೇ ಇರಬೇಕು. ವ್ಯಾನ್ ಎಂದು ಬರೆದ, ಬೇರೆ ಬಣ್ಣದ ತೂತಿನಲ್ಲಿ ಇದ್ದರೆ ಕೆಲಸ ಆಗುವುದಿಲ್ಲ. ಕೆಲವು ಫೈಬರ್ ಡಬ್ಬಿಗಳಲ್ಲಿ ಒಂದು ತೂತನ್ನು ಟಿವಿ ಸೇವೆಗೆಂದೇ ಮೀಸಲಿಟ್ಟಿರುತ್ತಾರೆ. ಅನುಮಾನವಿದ್ದರೆ ಬೇರೆ ತೂತಿಗೆ ಬದಲಿಸಿ ನೋಡಿ. ನ್ಯಾಸ್‌ನ ಲ್ಯಾನ್ ಲೈಟ್ ಮಿಣುಕಬೇಕು. ಮಿಣುಕದಿದ್ದರೆ ಕೇಬಲ್ ಬದಲಿಸಿ.

ನಡುವೆ ಒಂದು ಪುಟ್ಟ ನೆಟ್‌ವರ್ಕ್ ಸ್ವಿಚ್ (ಒಂದು ಲ್ಯಾನ್ ತೂತನ್ನು ಹಲವು ಮಾಡುವ ಡಬ್ಬಿ) ಇದ್ದಿದ್ದರೆ ಅದಕ್ಕೆ ಕರೆಂಟ್ ಇದೆಯೇ ನೋಡಿ. ಹೊಸ ರೌಟರಿಗೆ ಪ್ಲಗ್ ಬೇಕಾಗಿ ಅದನ್ನೇ ಕಿತ್ತಿರುತ್ತಾರೆ.

ಹಂತ 2: ನೀವೀಗ ಯಾವ ಓಣಿಯಲ್ಲಿದ್ದೀರಿ?

ರೌಟರ್ ಮನೆಯೊಳಗಿನ ಪ್ರತಿ ಸಾಧನಕ್ಕೂ ಒಂದು ನಂಬರ್ ಹಂಚುತ್ತದೆ. ಇದೇ ಐಪಿ ವಿಳಾಸ. ಉದಾಹರಣೆಗೆ 192.168.0.50. ಮೊದಲ ಮೂರು ಸಂಖ್ಯೆ ಓಣಿ, ಕೊನೆಯದು ಮನೆ ನಂಬರ್ ಎಂದುಕೊಳ್ಳಿ. ಒಂದೇ ಓಣಿಯವರು ಮಾತ್ರ ಒಬ್ಬರಿಗೊಬ್ಬರು ನೇರ ಮಾತಾಡುತ್ತಾರೆ.

ಹಳೆಯ ರೌಟರ್ 192.168.0 ಓಣಿಯದು ಇರಬಹುದು, ಹೊಸದು 192.168.1 ಓಣಿಯದು. ಜಿಯೋಫೈಬರ್ ರೌಟರ್‌ಗಳು ಸಾಮಾನ್ಯವಾಗಿ 192.168.29 ಓಣಿ ಬಳಸುತ್ತವೆ. ನ್ಯಾಸ್‌ಗೆ ಹಿಂದೊಮ್ಮೆ ಯಾರೋ "ಇದೇ ನಂಬರ್, ಬದಲಾಗಬಾರದು" ಎಂದು ಕಟ್ಟಿಹಾಕಿದ್ದರೆ ಅದು ಪಾಪ ಹಳೇ ಓಣಿಯ ನಂಬರ್ ಹಿಡಿದು ಕಾಯುತ್ತಾ ಕೂತಿರುತ್ತದೆ. ನಮ್ಮ ಮನೆಯಲ್ಲಿ ಆಗಿದ್ದು ಇದೇ. ಹಾಗೆ ಕಟ್ಟಿಹಾಕಿದ ಆ ಯಾರೋ ನಾನೇ.

ನಿಮ್ಮ ಫೋನಿನಲ್ಲಿ ವೈಫೈ ಹೆಸರಿನ ಪಕ್ಕದ ಗುರುತು ಒತ್ತಿ. ಐಪಿ ವಿಳಾಸ, ಗೇಟ್‌ವೇ ಎರಡೂ ಕಾಣುತ್ತವೆ. ವಿಂಡೋಸ್‌ನಲ್ಲಾದರೆ ಸೆಟ್ಟಿಂಗ್ಸ್, ನೆಟ್‌ವರ್ಕ್ ಅಂಡ್ ಇಂಟರ್ನೆಟ್, ಅಲ್ಲಿಂದ ಪ್ರಾಪರ್ಟೀಸ್. ಗೇಟ್‌ವೇ ಅಂದರೆ ರೌಟರಿನದೇ ನಂಬರ್. ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಈ ಚೀಟಿ ಮುಂದೆ ಮೂರು ಸಲ ಬೇಕಾಗುತ್ತದೆ.

ನಿಮ್ಮದೇ ನಂಬರ್ 169.254 ಎಂದು ಶುರುವಾಗಿದ್ದರೆ ಬೇರೆ ಕಥೆ. ನಂಬರ್ ಕೊಡುವವರು ಯಾರೂ ಸಿಗದೆ ಯಂತ್ರ ತಾನೇ ಒಂದು ಇಟ್ಟುಕೊಂಡಿದೆ ಎಂದರ್ಥ. ಹಂತ 1ಕ್ಕೆ ವಾಪಸ್ ಹೋಗಿ.

ಹಂತ 3: ಡಬ್ಬಿಯನ್ನು ಹುಡುಕಿ

ಮೂರು ದಾರಿ ಇವೆ. ಸುಲಭದ್ದು ಕಂಪನಿಯದೇ ತಂತ್ರಾಂಶ. ಸಿನಾಲಜಿಗೆ ಸಿನಾಲಜಿ ಅಸಿಸ್ಟೆಂಟ್, ಕ್ಯೂನ್ಯಾಪ್‌ಗೆ ಕ್ಯೂಫೈಂಡರ್ ಪ್ರೊ. ಕಂಪ್ಯೂಟರಿನಲ್ಲಿ ಹಾಕಿ ಓಡಿಸಿದರೆ ಮನೆಯಲ್ಲಿರುವ ತಮ್ಮ ಡಬ್ಬಿಯನ್ನು ಕೂಗಿ ಕರೆಯುತ್ತವೆ. ಇವುಗಳ ಒಳ್ಳೆಯ ಗುಣ ಏನೆಂದರೆ, ಡಬ್ಬಿ ಬೇರೆ ಓಣಿಯ ನಂಬರಿನಲ್ಲಿದ್ದರೂ ಅನೇಕ ಸಲ ಹಿಡಿದುಕೊಡುತ್ತವೆ. ಕಂಪ್ಯೂಟರನ್ನು ಆದಷ್ಟು ವೈರಿನಿಂದಲೇ ಅದೇ ರೌಟರಿಗೆ ಜೋಡಿಸಿ ಹುಡುಕಿ.

ಎರಡನೇ ದಾರಿ ರೌಟರಿನ ಪುಟ. ಬ್ರೌಸರಿನಲ್ಲಿ ಗೇಟ್‌ವೇ ನಂಬರ್ ಬರೆದರೆ ತೆರೆಯುತ್ತದೆ. ಪಾಸ್‌ವರ್ಡ್ ರೌಟರಿನ ಬೆನ್ನಿಗೆ ಅಂಟಿಸಿರುತ್ತಾರೆ. ಒಳಗೆ ಜೋಡಣೆಯಾದ ಸಾಧನಗಳ ಪಟ್ಟಿ ಇರುತ್ತದೆ. ಹೆಸರು ಕಾಣದಿದ್ದರೆ ನ್ಯಾಸ್‌ನ ಮೈಮೇಲಿನ ಸ್ಟಿಕರಿನಲ್ಲಿರುವ ಮ್ಯಾಕ್ ವಿಳಾಸದೊಂದಿಗೆ, ಅಂದರೆ ಆ ಸಾಧನಕ್ಕೆ ಕಾರ್ಖಾನೆಯಲ್ಲೇ ಕೊಟ್ಟ ಗುರುತಿನ ಸಂಖ್ಯೆಯೊಂದಿಗೆ ಹೋಲಿಸಿ. ಮೂರನೆಯದು ಫೋನಿನಲ್ಲಿ ಫಿಂಗ್ ಎಂಬ ಆ್ಯಪ್. ಅದು ನೀವಿರುವ ಓಣಿಯನ್ನಷ್ಟೇ ನೋಡುತ್ತದೆ.

ಹೊಸ ಓಣಿಯಲ್ಲೇ ಹೊಸ ನಂಬರಿನೊಂದಿಗೆ ಸಿಕ್ಕಿತೇ? ಬ್ರೌಸರಿನಲ್ಲಿ ಆ ನಂಬರ್ ಬರೆಯಿರಿ. ಸಿನಾಲಜಿಗೆ ಕೊನೆಯಲ್ಲಿ :5000 ಸೇರಿಸಬೇಕು, ಕ್ಯೂನ್ಯಾಪ್‌ಗೆ :8080. ಲಾಗಿನ್ ಪುಟ ಬಂದರೆ ನೇರ ಹಂತ 5ಕ್ಕೆ ಹೋಗಿ. ಅಪ್ಪನಿಗೂ "ಏನೂ ಹೋಗಿಲ್ಲ" ಎಂದು ಹೇಳಿಬಿಡಿ.

ಹಂತ 4: ಹಳೇ ಓಣಿಯಲ್ಲೇ ಕೂತಿದ್ದರೆ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಡಬ್ಬಿ ನಮ್ಮ ಓಣಿಗೆ ಬರದಿದ್ದರೆ ನಾವೇ ಅದರ ಓಣಿಗೆ ಹೋಗಬೇಕು.

ಲ್ಯಾಪ್‌ಟಾಪಿನ ವೈಫೈ ಬಂದ್ ಮಾಡಿ. ಲ್ಯಾನ್ ಕೇಬಲಿನ ಒಂದು ತುದಿ ನ್ಯಾಸ್‌ಗೆ, ಇನ್ನೊಂದು ಲ್ಯಾಪ್‌ಟಾಪಿಗೆ. ವಿಶೇಷ ಕೇಬಲ್ ಬೇಡ, ಈಗಿನ ಪೋರ್ಟ್‌ಗಳು ಯಾವುದಾದರೂ ಒಪ್ಪುತ್ತವೆ. ಲ್ಯಾಪ್‌ಟಾಪಿನ ಎತರ್ನೆಟ್ ಸೆಟ್ಟಿಂಗಿನಲ್ಲಿ ಐಪಿ ವಿಳಾಸವನ್ನು ಆಟೋಮ್ಯಾಟಿಕ್‌ನಿಂದ ಮ್ಯಾನ್ಯುಯಲ್‌ಗೆ ಬದಲಿಸಿ, ಹಳೇ ಓಣಿಯ ಯಾವುದಾದರೂ ಖಾಲಿ ನಂಬರ್ ಕೊಡಿ. ಹಳೇ ಓಣಿ 192.168.0 ಆಗಿದ್ದರೆ 192.168.0.10 ಅನ್ನಿ. ಸಬ್‌ನೆಟ್ ಮಾಸ್ಕ್ 255.255.255.0. ಗೇಟ್‌ವೇ ಖಾಲಿ ಬಿಡಬಹುದು.

ಈಗ ಬ್ರೌಸರಿನಲ್ಲಿ ನ್ಯಾಸ್‌ನ ಹಳೆಯ ವಿಳಾಸ ಬರೆಯಿರಿ. ಲಾಗಿನ್ ಆಗಿ. ಕಂಟ್ರೋಲ್ ಪ್ಯಾನೆಲ್‌ನ ನೆಟ್‌ವರ್ಕ್ ಭಾಗಕ್ಕೆ ಹೋಗಿ ಮ್ಯಾನ್ಯುಯಲ್ ಅಥವಾ ಸ್ಟ್ಯಾಟಿಕ್ ಎಂದಿರುವುದನ್ನು ಡಿಎಚ್‌ಸಿಪಿಗೆ, ಅಂದರೆ ರೌಟರೇ ತಾನಾಗಿ ನಂಬರ್ ಕೊಡುವ ಪದ್ಧತಿಗೆ ಬದಲಿಸಿ ಸೇವ್ ಒತ್ತಿ. ಪುಟ ಅಲ್ಲೇ ಸ್ಥಗಿತವಾಗುತ್ತದೆ. ಗಾಬರಿ ಬೇಡ, ನೀವು ಕೂತಿದ್ದ ಕೊಂಬೆಯನ್ನೇ ಕಡಿದಿದ್ದೀರಿ. ಕೇಬಲ್ ಕಿತ್ತು ನ್ಯಾಸ್ ಅನ್ನು ರೌಟರಿಗೆ ಜೋಡಿಸಿ, ಎರಡು ನಿಮಿಷ ಬಿಟ್ಟು ಮತ್ತೆ ಹುಡುಕಿ. ಹೊಸ ಓಣಿಯ ನಂಬರ್ ಪಡೆದಿರುತ್ತದೆ.

ಲ್ಯಾಪ್‌ಟಾಪಿನ ಸೆಟ್ಟಿಂಗನ್ನು ಮರಳಿ ಆಟೋಮ್ಯಾಟಿಕ್ ಮಾಡಲು ಮರೆಯಬೇಡಿ. ನಾನು ಮರೆತಿದ್ದೆ. ಮರುದಿನ ಆಫೀಸಿನಲ್ಲಿ ವೈರ್ ಚುಚ್ಚಿ, ನೆಟ್ ಬರುತ್ತಿಲ್ಲ ಎಂದು ಎಲ್ಲರ ಮೇಲೆ ಹಾರಾಡಿದೆ.

ಹಳೆಯ ನಂಬರ್ ನೆನಪಿಲ್ಲವೇ? ಕಂಪ್ಯೂಟರಿನ ಹಳೆಯ ಶಾರ್ಟ್‌ಕಟ್, ಬ್ರೌಸರಿನ ಬುಕ್‌ಮಾರ್ಕ್ ಅಥವಾ ಹಿಸ್ಟರಿಯಲ್ಲಿ ಹುಡುಕಿ. ಅಲ್ಲಿ ಸಿಗುವುದೇ ಜಾಸ್ತಿ.

ಇನ್ನೊಂದು ದಾರಿಯೂ ಇದೆ. ಹೊಸ ರೌಟರಿನ ಪುಟದಲ್ಲಿ ಲ್ಯಾನ್ ವಿಳಾಸವನ್ನೇ ಹಳೆಯದಕ್ಕೆ, ಅಂದರೆ 192.168.0.1ಕ್ಕೆ ಬದಲಿಸುವುದು. ಓಣಿಯ ಹೆಸರನ್ನೇ ವಾಪಸ್ ಇಟ್ಟಂತೆ. ಪ್ರಿಂಟರ್, ಸಿಸಿಟಿವಿ ಡಿವಿಆರ್ ಎಲ್ಲಕ್ಕೂ ಹೀಗೆ ನಂಬರ್ ಕಟ್ಟಿಹಾಕಿದ್ದರೆ ಇದೇ ಲೇಸು. ಆದರೆ ಕೆಲವು ಕಂಪನಿಗಳ ರೌಟರಿನಲ್ಲಿ ಈ ಪುಟಕ್ಕೆ ಬೀಗ ಹಾಕಿರುತ್ತಾರೆ.

ಇಷ್ಟೆಲ್ಲ ಆಗಿಯೂ ಸಿಗದಿದ್ದರೆ, ಅಥವಾ ಪಾಸ್‌ವರ್ಡೇ ಮರೆತಿದ್ದರೆ, ಈಗ ರೀಸೆಟ್ ಮಾತು. ಸಿನಾಲಜಿಯಲ್ಲಿ ರೀಸೆಟ್ ಗುಂಡಿಯನ್ನು ಸುಮಾರು 4 ಸೆಕೆಂಡ್ ಒತ್ತಿ ಹಿಡಿದರೆ ಒಂದು ಬೀಪ್ ಕೇಳುತ್ತದೆ. ಅಲ್ಲಿಗೆ ಬಿಟ್ಟುಬಿಡಬೇಕು. ನೆಟ್‌ವರ್ಕ್ ಡಿಎಚ್‌ಸಿಪಿಗೆ ಬರುತ್ತದೆ, ಅಡ್ಮಿನ್ ಪಾಸ್‌ವರ್ಡ್ ಹೋಗುತ್ತದೆ, ಫೈಲುಗಳು ಇದ್ದಲ್ಲೇ ಇರುತ್ತವೆ. ಬೀಪ್ ಆದ ಮೇಲೆ ಇನ್ನೊಮ್ಮೆ ಒತ್ತಿದರೆ ಡಬ್ಬಿಯ ತಂತ್ರಾಂಶವನ್ನೇ ಮತ್ತೆ ಹಾಕಬೇಕಾದ ಸ್ಥಿತಿಗೆ ಹೋಗುತ್ತದೆ. ಆ ಎರಡನೇ ಒತ್ತು ಬೇಡ. ಕ್ಯೂನ್ಯಾಪ್‌ನಲ್ಲಿ 3 ಸೆಕೆಂಡಿಗೆ ಒಂದು ಬೀಪ್, ಅದು ಸಾದಾ ರೀಸೆಟ್. 10 ಸೆಕೆಂಡಿನದು ದೊಡ್ಡದು, ಅದರ ತಂಟೆಗೆ ಹೋಗಬೇಡಿ. ಫೋಲ್ಡರುಗಳಿಗೆ ಎನ್‌ಕ್ರಿಪ್ಷನ್ ಹಾಕಿದ್ದರೆ ಅದರ ಕೀ ಕೈಯಲ್ಲಿದೆಯೇ ಎಂದು ಮೊದಲೇ ನೋಡಿಕೊಳ್ಳಿ.

ಹಂತ 5: ಸಿಕ್ಕ ಮೇಲೆ ನಂಬರ್ ಗಟ್ಟಿ ಮಾಡಿ, ಆದರೆ ರೌಟರಿನಲ್ಲಿ

ನ್ಯಾಸ್‌ನೊಳಗೆ ಮತ್ತೆ ನಂಬರ್ ಕಟ್ಟಿಹಾಕಬೇಡಿ. ರೌಟರಿನ ಪುಟದಲ್ಲಿ ಡಿಎಚ್‌ಸಿಪಿ ರಿಸರ್ವೇಶನ್, ಅಡ್ರೆಸ್ ರಿಸರ್ವೇಶನ್, ಸ್ಟ್ಯಾಟಿಕ್ ಲೀಸ್ ಇಂಥ ಹೆಸರಿನ ಜಾಗ ಹುಡುಕಿ. ಅಲ್ಲಿ ನ್ಯಾಸ್‌ನ ಮ್ಯಾಕ್ ವಿಳಾಸ ಕೊಟ್ಟು, ಇದು ಬಂದಾಗಲೆಲ್ಲ 192.168.1.50 ಕೊಡು ಎಂದು ಹೇಳಿಡಿ. ಕರೆಂಟ್ ಹೋಗಿ ಬಂದರೂ ಅದೇ ನಂಬರ್. ಮುಂದೆ ಮತ್ತೆ ಕಂಪನಿ ಬದಲಿಸಿದರೆ ಡಬ್ಬಿ ತಾನಾಗಿ ಹೊಸ ಓಣಿ ಸೇರುತ್ತದೆ.

ಹೊಸ ವೈಫೈಗೆ ಹಳೆಯದರ ಹೆಸರು ಮತ್ತು ಪಾಸ್‌ವರ್ಡನ್ನೇ ಅಕ್ಷರಶಃ ಇಡುವುದೂ ಒಳ್ಳೆಯದು. ದೊಡ್ಡಕ್ಷರ ಸಣ್ಣಕ್ಷರ ಸಮೇತ. ಟಿವಿ, ಪ್ರಿಂಟರ್, ಕ್ಯಾಮೆರಾ, ಮನೆಯವರ ಫೋನು ಎಲ್ಲ ಕೇಳದೆ ಬಂದು ಸೇರುತ್ತವೆ. ನಮ್ಮ ಮನೆಯಲ್ಲಿ ಇದೊಂದರಿಂದ ಅರ್ಧ ದಿನ ಉಳಿಯಿತು.

ಒಂದು ಮನೆಯಲ್ಲಿ ಎರಡು ರೌಟರ್

ಇದು ಎಲ್ಲಕ್ಕಿಂತ ಜಾಸ್ತಿ ತಲೆ ತಿನ್ನುವ ವಿಷಯ. ನಮ್ಮ ಕಡೆಯ ಹಳೇ ಮನೆಗಳ ಗೋಡೆ ದಪ್ಪ. ಕಂಪನಿಯ ಡಬ್ಬಿ ಪಡಸಾಲೆಯಲ್ಲಿದ್ದರೆ ಒಳಕೋಣೆಗೆ ವೈಫೈ ಬರುವುದಿಲ್ಲ. ಹಾಗಾಗಿ ಇನ್ನೊಂದು ರೌಟರ್ ಹಾಕಿರುತ್ತೇವೆ. ಈಗ ಮನೆಯೊಳಗೇ ಎರಡು ಓಣಿ ಆಯಿತು.

ಲಕ್ಷಣ ಹೀಗಿರುತ್ತದೆ. ಪಡಸಾಲೆಯಲ್ಲಿ ಫೋನಿಗೆ ನ್ಯಾಸ್ ಸಿಗುತ್ತದೆ, ಮಲಗುವ ಕೋಣೆಯಲ್ಲಿ ಸಿಗುವುದಿಲ್ಲ. ಅಥವಾ ನಂಬರ್ ಬರೆದರೆ ತೆರೆಯುತ್ತದೆ, ಪಟ್ಟಿಯಲ್ಲಿ ಮಾತ್ರ ಕಾಣುವುದಿಲ್ಲ. ಒಳಗಿನ ರೌಟರಿನವರು ಹೊರಗಿನವರನ್ನು ನಂಬರ್ ಹಿಡಿದು ಕರೆಯಬಹುದು, ಹೊರಗಿನವರಿಗೆ ಒಳಗಿನವರು ಕಾಣುವುದೇ ಇಲ್ಲ. ನ್ಯಾಸ್ ಒಳಗಿನ ರೌಟರಿನಲ್ಲಿದ್ದು ಟಿವಿ ಕಂಪನಿಯ ಡಬ್ಬಿಯಲ್ಲಿದ್ದರೆ ಟಿವಿಗೆ ಸಂಗೀತ ಬರುವುದಿಲ್ಲ.

ಇದಕ್ಕೆ ಎರಡು ಪರಿಹಾರ ಇವೆ. ಎರಡನೇ ರೌಟರನ್ನು ಆ್ಯಕ್ಸೆಸ್ ಪಾಯಿಂಟ್ ಮೋಡ್‌ಗೆ ಹಾಕಿದರೆ ಅದು ನಂಬರ್ ಹಂಚುವುದನ್ನು ಬಿಟ್ಟು ಬರೀ ವೈಫೈ ಹರಡುತ್ತದೆ. ಮನೆಯೆಲ್ಲ ಒಂದೇ ಓಣಿ. ಹಳೆಯ ರೌಟರಿನಲ್ಲಿ ಆ ಮೋಡ್ ಇಲ್ಲದಿದ್ದರೆ ಕೈಯಿಂದಲೇ ಮಾಡಬಹುದು: ಅದರ ಡಿಎಚ್‌ಸಿಪಿ ಬಂದ್ ಮಾಡಿ, ಅದರ ಸ್ವಂತ ನಂಬರನ್ನು ಹೊಸ ಓಣಿಯ ಖಾಲಿ ನಂಬರಿಗೆ, ಉದಾಹರಣೆಗೆ 192.168.1.2ಕ್ಕೆ ಬದಲಿಸಿ, ಕೇಬಲನ್ನು ಲ್ಯಾನ್‌ನಿಂದ ಲ್ಯಾನ್‌ಗೆ ಹಾಕಿ, ವ್ಯಾನ್ ತೂತು ಖಾಲಿ ಬಿಡಿ.

ಎರಡನೆಯದು ಇದಕ್ಕೆ ಉಲ್ಟಾ. ಮನೆಯ ಸಾಧನಗಳನ್ನೆಲ್ಲ ನಿಮ್ಮ ಸ್ವಂತ ರೌಟರಿಗೇ ಜೋಡಿಸಿ. ಕಂಪನಿಯ ಡಬ್ಬಿಯನ್ನು ಬ್ರಿಜ್ ಮೋಡ್‌ಗೆ (ನಂಬರ್ ಹಂಚದೆ ನೆಟ್ ಅನ್ನು ಬರೀ ದಾಟಿಸುವ ಮೋಡ್) ಹಾಕಿಸಿ, ಇಲ್ಲವೇ ಹಾಗೇ ಬಿಟ್ಟು ಅದರ ವೈಫೈ ಮಾತ್ರ ಬಂದ್ ಮಾಡಿ. ಎರಡರ ಓಣಿ ನಂಬರ್ ಬೇರೆ ಬೇರೆ ಇರಲಿ, ಒಂದೇ ಆದರೆ ಜಗಳ ಶುರು. ಬ್ರಿಜ್ ಮಾಡಿಸಿದರೆ ಪಿಪಿಪಿಒಇ ಎಂಬ, ರೌಟರ್ ಕಂಪನಿಯ ನೆಟ್‌ಗೆ ಲಾಗಿನ್ ಆಗುವ ಹೆಸರು, ಪಾಸ್‌ವರ್ಡ್ ಇದ್ದರೆ ಅದನ್ನು ಕಂಪನಿಯವರಿಂದ ಕೇಳಿ ಇಟ್ಟುಕೊಳ್ಳಬೇಕು. ನನ್ನ ಮತ ಇದಕ್ಕೇ. ಕಂಪನಿಗಳು ಬರುತ್ತವೆ, ಹೋಗುತ್ತವೆ, ಅವರ ಡಬ್ಬಿಯೂ ಅವರ ಜೊತೆ ಹೋಗುತ್ತದೆ. ಓಣಿ ನಿಮ್ಮ ಸ್ವಂತದ್ದಾಗಿದ್ದರೆ ಯಾವ ಕಂಪನಿ ಬದಲಾದರೂ ಒಳಗಿನ ಒಂದು ನಂಬರೂ ಅಲುಗುವುದಿಲ್ಲ. ನಾನು ಎರಡು ವರ್ಷ ತಡವಾಗಿ ಕಲಿತೆ.

ಹಂತ 6: ವಿಂಡೋಸ್‌ನ ಮುನಿಸು

ಫೋನಿನಲ್ಲಿ ತೆರೆಯುತ್ತದೆ, ಕಂಪ್ಯೂಟರಿನಲ್ಲಿ ಇಲ್ಲ. ಹಾಗಿದ್ದರೆ ತಪ್ಪು ನ್ಯಾಸ್‌ನದಲ್ಲ.

ವಿಂಡೋಸ್‌ಗೆ ಹೊಸ ರೌಟರ್ ಅಂದರೆ ಹೊಸ ಊರು. ವೈಫೈ ಹೆಸರು ಹಳೆಯದೇ ಇಟ್ಟರೂ ಕೆಲವೊಮ್ಮೆ ಗುರುತು ಹಿಡಿಯುವುದಿಲ್ಲ. ಬಸ್ ಸ್ಟ್ಯಾಂಡಿನ ವೈಫೈ ಎಂದುಕೊಂಡು ಪಬ್ಲಿಕ್ ಎಂಬ ಗುಂಪಿಗೆ ಹಾಕಿ ಬಾಗಿಲು ಮುಚ್ಚುತ್ತದೆ. ವೈಫೈ ಪ್ರಾಪರ್ಟೀಸ್‌ಗೆ ಹೋಗಿ ಪ್ರೈವೇಟ್ ಎಂದು ಬದಲಿಸಿ. ಇಷ್ಟಕ್ಕೇ ಎಷ್ಟೋ ಜನರ ಸಮಸ್ಯೆ ಮುಗಿಯುತ್ತದೆ.

ನ್ಯಾಸ್‌ನ ಫೋಲ್ಡರಿಗೆ ಜೋಡಿಸಿದ್ದ ಹಳೆಯ ಜೆಡ್ ಡ್ರೈವ್ ಮೇಲೆ ಕೆಂಪು ಗುರುತು ಇದ್ದರೆ ಅದು ಹಳೇ ನಂಬರನ್ನೇ ಹುಡುಕುತ್ತಿದೆ. ಡಿಸ್ಕನೆಕ್ಟ್ ಮಾಡಿ, ಮ್ಯಾಪ್ ನೆಟ್‌ವರ್ಕ್ ಡ್ರೈವ್‌ನಲ್ಲಿ ಹೊಸದಾಗಿ \\192.168.1.50 ಬರೆದು ಮುಂದೆ ಫೋಲ್ಡರಿನ ಹೆಸರು ಸೇರಿಸಿ. ಪಟ್ಟಿಯಲ್ಲಿ ಕಾಣದಿದ್ದರೂ ನಂಬರ್ ಬರೆದರೆ ಬರುತ್ತದೆ.

ಪಾಸ್‌ವರ್ಡ್ ಇಲ್ಲದೆ ಗೆಸ್ಟ್ ಆಗಿ ತೆರೆಯುತ್ತಿದ್ದವರಿಗೆ ಇನ್ನೊಂದು ತೊಡಕು. ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ ಇಂಥ ಗೆಸ್ಟ್ ಪ್ರವೇಶದ ಮೇಲೆ ಬಿಗಿ ಹೆಚ್ಚಾಗಿದೆ. ಅಪ್‌ಡೇಟ್ ಮತ್ತು ಹೊಸ ಕನೆಕ್ಷನ್ ಒಂದೇ ವಾರ ಬಂದರೆ ಬೈಗುಳ ಪೂರ್ತಿ ಕನೆಕ್ಷನ್ ಮೇಲೆ ಹೋಗುತ್ತದೆ. ನ್ಯಾಸ್‌ನಲ್ಲಿ ನಿಮ್ಮ ಹೆಸರಿನ ಒಂದು ಖಾತೆ ಮಾಡಿ ಪಾಸ್‌ವರ್ಡ್ ಇಡಿ, ಅದನ್ನೇ ಬಳಸಿ. ವಿಂಡೋಸ್‌ನ ಬಿಗಿಯನ್ನು ಸಡಿಲಿಸುವ ವಿಡಿಯೋಗಳನ್ನು ನೋಡಿ ಹಾಗೇ ಮಾಡಬೇಡಿ.

ಫೋನಿನಲ್ಲಿ ಸಿಗದಿದ್ದರೆ ಮೂರೇ ಮಾತು. ಗೆಸ್ಟ್ ವೈಫೈನಲ್ಲಿದ್ದೀರಾ ನೋಡಿ, ಅಲ್ಲಿಂದ ಮನೆಯ ಸಾಧನಗಳು ಕಾಣುವುದಿಲ್ಲ. ವಿಪಿಎನ್ ಬಂದ್ ಮಾಡಿ. ಐಫೋನ್ ಆದರೆ ಆ್ಯಪ್‌ಗೆ ಲೋಕಲ್ ನೆಟ್‌ವರ್ಕ್ ಅನುಮತಿ ಇದೆಯೇ ನೋಡಿ. ಟಿವಿಯನ್ನು ಪ್ಲಗ್ ಕಿತ್ತು ಒಂದು ನಿಮಿಷ ಬಿಟ್ಟು ಹಾಕಿದರೆ ಹೊಸದಾಗಿ ಹುಡುಕಿಕೊಳ್ಳುತ್ತದೆ.

ಹಂತ 7: ಸಿಕ್ಕಿತು, ಆದರೆ ಎತ್ತಿನ ಬಂಡಿ

ಗದಗಿನ ಪ್ರಿಂಟಿಂಗ್ ಪ್ರೆಸ್ಸುಗಳ ಹೆಸರು ನಿಮಗೆ ಗೊತ್ತೇ ಇದೆ. ಸೋದರಮಾವನದೂ ಒಂದು ಸಣ್ಣ ಪ್ರೆಸ್. ಲಗ್ನಪತ್ರಿಕೆ, ಕ್ಯಾಲೆಂಡರ್ ಡಿಸೈನುಗಳೆಲ್ಲ ನ್ಯಾಸ್‌ನಲ್ಲಿವೆ. ಕನೆಕ್ಷನ್ ಬದಲಿಸಿದ ವಾರಕ್ಕೆ ಫೋನ್ ಬಂತು: "ಅಳಿಯಾ, ಎಂಟ್ ನಿಮಿಷಕ್ಕ ಬರ್ತಿದ್ದ ಫೋಲ್ಡರ್ ಈಗ ತಾಸಿಗೂ ಬರವಲ್ದು. ಇಂಟರ್ನೆಟ್ ಮಾತ್ರ ಓಡಾಕತ್ತೇತಿ!"

ಇಂಟರ್ನೆಟ್ ವೇಗಕ್ಕೂ ಮನೆಯೊಳಗಿನ ವೇಗಕ್ಕೂ ಸಂಬಂಧವಿಲ್ಲ. ಅಲ್ಲಿ ಹಳೆಯ ರೌಟರಿನ ಲ್ಯಾನ್ ತೂತುಗಳು ಗಿಗಾಬಿಟ್, ಅಂದರೆ 1000 ಎಂಬಿಪಿಎಸ್. ಹೊಸ ಡಬ್ಬಿಯಲ್ಲಿ ಒಂದು ತೂತು ಮಾತ್ರ ಗಿಗಾಬಿಟ್, ಉಳಿದವು 100ರದ್ದು. ನ್ಯಾಸ್ ಎರಡನೇ ತೂತಿನಲ್ಲಿತ್ತು. 100ರಲ್ಲಿ ಸೆಕೆಂಡಿಗೆ ಸಿಗುವುದು ಹೆಚ್ಚೆಂದರೆ 11, 12 ಮೆಗಾಬೈಟ್. ಗಿಗಾಬಿಟ್‌ನಲ್ಲಿ 110ರ ಹತ್ತಿರ. 50 ಗಿಗಾಬೈಟಿನ ಫೋಲ್ಡರಿಗೆ ಇಲ್ಲಿ ಎಂಟು ನಿಮಿಷ, ಅಲ್ಲಿ ಒಂದೂಕಾಲು ತಾಸು. ಮಾವನ ಲೆಕ್ಕ ಸರಿಯಾಗಿಯೇ ಇತ್ತು.

ನ್ಯಾಸ್‌ನ ನೆಟ್‌ವರ್ಕ್ ಪುಟದಲ್ಲಿ ಲಿಂಕ್ ವೇಗ ಬರೆದಿರುತ್ತದೆ. 100 ಎಂದಿದ್ದರೆ ತೂತು ಬದಲಿಸಿ, ಕೇಬಲ್ ಬದಲಿಸಿ. ಕೇಬಲಿನೊಳಗೆ ನಾಲ್ಕು ಜೋಡಿ ತಂತಿ ಇರುತ್ತವೆ, ಗಿಗಾಬಿಟ್‌ಗೆ ನಾಲ್ಕೂ ಬೇಕು. ಒಂದು ಕಡಿದರೂ ಸಾಮಾನ್ಯವಾಗಿ 100ಕ್ಕೆ ಇಳಿಯುತ್ತದೆ. ಮಾವನ ಪ್ರೆಸ್ಸಿನಲ್ಲಿ ನಾವು ಒಂದು ಗಿಗಾಬಿಟ್ ಸ್ವಿಚ್ ತಂದು ನ್ಯಾಸ್, ಕಂಪ್ಯೂಟರ್‌ಗಳನ್ನೆಲ್ಲ ಅದಕ್ಕೇ ಹಚ್ಚಿದೆವು. ಕಂಪನಿಯ ಡಬ್ಬಿಗೆ ಹೋಗುವುದು ಒಂದೇ ವೈರ್. ಫೈಲುಗಳು ಆ ಡಬ್ಬಿಯನ್ನು ಮುಟ್ಟುವುದೇ ಇಲ್ಲ.

ಹಂತ 8: ಮನೆಯಲ್ಲಿ ಸರಿ, ಬೆಂಗಳೂರಿನಿಂದ ತೆರೆಯುತ್ತಿಲ್ಲ

ತಂಗಿ ಬೆಂಗಳೂರಿನಲ್ಲಿದ್ದಾಳೆ. ಮೊದಲು ಅಲ್ಲಿಂದಲೇ ಮನೆಯ ಫೋಟೋ ನೋಡುತ್ತಿದ್ದಳು, ಈಗ ಇಲ್ಲ. ಪೋರ್ಟ್ ಫಾರ್ವರ್ಡಿಂಗ್ (ಹೊರಗಿನಿಂದ ಬಂದವರನ್ನು ನ್ಯಾಸ್‌ಗೆ ಕಳಿಸುವ ರೌಟರಿನ ನಿಯಮ) ಮಾಡಿದ್ದವರಿಗೆ ಮೊದಲ ಕಾರಣ ಸರಳ: ಆ ನಿಯಮಗಳು ಹಳೆಯ ರೌಟರಿನ ಜೊತೆ ಹೋದವು. ಆದರೆ ಹೊಸದರಲ್ಲಿ ಮತ್ತೆ ಬರೆದರೂ ಬಾಗಿಲು ತೆರೆಯದಿದ್ದರೆ ಕಾರಣ ಸಿಜಿನ್ಯಾಟ್ ಇರಬಹುದು.

ಐಪಿವಿ4, ಅಂದರೆ ಇಂಟರ್ನೆಟ್‌ನ ಹಳೆಯ ಬಗೆಯ ವಿಳಾಸಗಳು ಒಟ್ಟು ಸುಮಾರು 429 ಕೋಟಿ. ಏಷ್ಯಾ ಪೆಸಿಫಿಕ್ ಭಾಗಕ್ಕೆ ಧಾರಾಳವಾಗಿ ಹಂಚುವ ದಾಸ್ತಾನು 2011ರ ಏಪ್ರಿಲ್‌ನಲ್ಲೇ ಮುಗಿಯಿತು. ಹಾಗಾಗಿ ಅನೇಕ ಕಂಪನಿಗಳು ಒಂದೇ ವಿಳಾಸವನ್ನು ಬಹಳ ಮನೆಗಳಿಗೆ ಹಂಚುತ್ತವೆ. ಸಿಜಿನ್ಯಾಟ್ ಅಂದರೆ ಇದೇ. ದೊಡ್ಡ ಚಾಳಕ್ಕೆ ಒಂದೇ ತಲೆಬಾಗಿಲು ಇದ್ದಂತೆ. ಒಳಗಿನವರು ಹೊರಗೆ ಹೋಗಬಹುದು. ಹೊರಗಿನಿಂದ ಬಂದವರಿಗೆ ನಿಮ್ಮ ಖೋಲಿ ಯಾವುದು ಎಂದು ಹೇಳುವವರಿಲ್ಲ.

ಪರೀಕ್ಷೆ ಸುಲಭ. ರೌಟರಿನ ಪುಟದಲ್ಲಿ ವ್ಯಾನ್ ಐಪಿ ನೋಡಿ. ನಂತರ ಗೂಗಲ್‌ನಲ್ಲಿ ನನ್ನ ಐಪಿ ಏನು ಎಂದು ಹುಡುಕಿ, ಯಾವುದಾದರೂ ತಾಣ ತೋರಿಸುವ ಐಪಿವಿ4 ನಂಬರ್ ನೋಡಿ. ಎರಡೂ ಒಂದೇ ಆದರೆ ಸರಿ. ಬೇರೆಯಾಗಿ, ವ್ಯಾನ್ ನಂಬರ್ 100.64ರಿಂದ 100.127ರ ನಡುವೆ ಇದ್ದರೆ ಅದು ಸಿಜಿನ್ಯಾಟ್‌ಗೆಂದೇ ಮೀಸಲಿಟ್ಟ ಸಾಲು. 10ರಿಂದ ಶುರುವಾದರೂ ಬಹುತೇಕ ಅದೇ. ಎರಡು ರೌಟರ್ ಇದ್ದವರು ಕಂಪನಿಯ ಡಬ್ಬಿಯ ಪುಟದಲ್ಲೇ ನೋಡಬೇಕು.

ಕಂಪನಿಯವರಲ್ಲಿ ಸ್ಟ್ಯಾಟಿಕ್ ಪಬ್ಲಿಕ್ ಐಪಿ ಕೇಳಬಹುದು. ಸಾಮಾನ್ಯವಾಗಿ ಬೇರೆ ದುಡ್ಡು ಕೇಳುತ್ತಾರೆ. ಆದರೆ ಫೋಟೋ ನೋಡುವುದಕ್ಕೆ ಅದು ಬೇಡ ಎಂದೇ ನನ್ನ ಸಲಹೆ. ಸಿನಾಲಜಿಯ ಕ್ವಿಕ್‌ಕನೆಕ್ಟ್, ಕ್ಯೂನ್ಯಾಪ್‌ನ ಮೈಕ್ಯೂನ್ಯಾಪ್‌ಕ್ಲೌಡ್ ಇಂಥ ಸೇವೆಗಳು ಸಿಜಿನ್ಯಾಟ್ ಇದ್ದರೂ ನಡೆಯುತ್ತವೆ. ಡಬ್ಬಿಯೇ ಹೊರಗೆ ಕರೆ ಮಾಡಿ ದಾರಿ ಇಟ್ಟುಕೊಳ್ಳುತ್ತದೆ. ವೇಗ ಸ್ವಲ್ಪ ಕಮ್ಮಿ. ನಾನು ಟೇಲ್‌ಸ್ಕೇಲ್ ಎಂಬ ವಿಪಿಎನ್ ಆ್ಯಪ್ ಹಾಕಿದೆ. ನ್ಯಾಸ್‌ನಲ್ಲೊಂದು, ತಂಗಿಯ ಫೋನಿನಲ್ಲೊಂದು. ಮನೆಯ ಬಳಕೆಗೆ ಉಚಿತ. ಅದೂ 100ರಿಂದ ಶುರುವಾಗುವ ನಂಬರ್ ಕೊಡುತ್ತದೆ, ಅದನ್ನು ನೋಡಿ ಮತ್ತೆ ಸಿಜಿನ್ಯಾಟ್ ಎಂದು ತಲೆ ಕೆಡಿಸಿಕೊಳ್ಳಬೇಡಿ.

ಪೋರ್ಟ್ ತೆರೆದಿಡುವುದು ನನಗೆ ಹಿಡಿಸದು. 2021ರ ಏಪ್ರಿಲ್‌ನಲ್ಲಿ ಕ್ಯೂಲಾಕರ್, 2022ರ ಜನವರಿಯಲ್ಲಿ ಡೆಡ್‌ಬೋಲ್ಟ್ ಎಂಬ ರ‍್ಯಾನ್ಸಮ್‌ವೇರ್‌ಗಳು ಇಂಟರ್ನೆಟ್‌ಗೆ ತೆರೆದಿದ್ದ ಕ್ಯೂನ್ಯಾಪ್ ಡಬ್ಬಿಗಳಿಗೆ ನುಗ್ಗಿ ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳಿದವು. ಹೊಸ ರೌಟರಿನಲ್ಲಿ ಯುಪಿಎನ್‌ಪಿ ಚಾಲೂ ಇದ್ದರೆ ಬಂದ್ ಮಾಡಿ. ಸಾಧನಗಳು ನಿಮ್ಮನ್ನು ಕೇಳದೇ ಪೋರ್ಟ್ ತೆರೆಯಲು ಅದು ಬಿಡುತ್ತದೆ.

ಹಂತ 9: ಸದ್ದಿಲ್ಲದೆ ನಿಂತುಹೋದ ಬ್ಯಾಕಪ್

ಎಲ್ಲ ಸರಿಯಾಯಿತು ಎಂದು ಬಿಟ್ಟವರು ಸಿಕ್ಕಿಬೀಳುವುದು ಇಲ್ಲೇ. ನ್ಯಾಸ್‌ನಲ್ಲಿ ಡಿಎನ್‌ಎಸ್ (ತಾಣದ ಹೆಸರು ಕೊಟ್ಟರೆ ನಂಬರ್ ಹೇಳುವ ಸೇವೆ) ಎಂಬ ಜಾಗದಲ್ಲಿ ಹಳೆಯ ಕಂಪನಿಯ ನಂಬರ್ ಅಥವಾ ಹಳೆಯ ಗೇಟ್‌ವೇ ಉಳಿದಿರಬಹುದು. ಆಗ ಮನೆಯೊಳಗೆ ಎಲ್ಲ ಚೆನ್ನಾಗಿ ನಡೆಯುತ್ತದೆ. ಆದರೆ ಡಬ್ಬಿಗೆ ಹೊರಗಿನ ಒಂದು ಹೆಸರೂ ಗೊತ್ತಾಗುವುದಿಲ್ಲ. ಕ್ಲೌಡ್ ಬ್ಯಾಕಪ್ ನಿಲ್ಲುತ್ತದೆ, ಅಪ್‌ಡೇಟ್ ಬರುವುದಿಲ್ಲ, ಗಡಿಯಾರ ನಿಧಾನಕ್ಕೆ ತಪ್ಪುತ್ತದೆ. ತಪ್ಪಾಗಿದೆ ಎಂದು ತಿಳಿಸುವ ಇಮೇಲ್ ಕೂಡ ಹೋಗುವುದಿಲ್ಲ, ಅದಕ್ಕೂ ಡಿಎನ್‌ಎಸ್ಸೇ ಬೇಕಲ್ಲ!

ಡಿಎನ್‌ಎಸ್ ಅನ್ನು ಆಟೋಮ್ಯಾಟಿಕ್ ಮಾಡಿ, ಅಥವಾ 1.1.1.1 ಇಲ್ಲವೇ 8.8.8.8 ಕೊಡಿ. ಇಮೇಲ್ ಸೆಟ್ಟಿಂಗಿನಲ್ಲಿ ಟೆಸ್ಟ್ ಮೇಲ್ ಗುಂಡಿ ಇದ್ದರೆ ಒತ್ತಿ, ಬಂತೇ ನೋಡಿ. ಬ್ಯಾಕಪ್ ಆ್ಯಪ್ ತೆರೆದು ಕೊನೆಯ ಸಲ ಯಾವಾಗ ಮುಗಿದಿದೆ ಎಂಬ ತಾರೀಖು ಓದಿ. ನಮ್ಮ ಮನೆಯಲ್ಲಿ ಆ ತಾರೀಖು ಹೊಸ ಕನೆಕ್ಷನ್ ಹಾಕಿದ ಹಿಂದಿನ ದಿನದ್ದು. ನಾನು ನೋಡಿದ್ದು ಹನ್ನೊಂದು ದಿನ ಬಿಟ್ಟು.

ಕೊನೆಗೆ ಹಂತ 2ರ ಚೀಟಿಯ ಕೆಲಸ. ಅದರ ಮೇಲೆ ನ್ಯಾಸ್‌ನ ಮಾದರಿ, ಮ್ಯಾಕ್ ವಿಳಾಸ, ಈಗಿನ ನಂಬರ್, ಅಡಾಪ್ಟರಿನ ಆಂಪಿಯರ್ ಬರೆದು ಡಬ್ಬಿಯ ತಲೆಗೇ ಅಂಟಿಸಿ. ಪಾಸ್‌ವರ್ಡ್ ಬೇಡ. ನಮ್ಮಲ್ಲಿ ಅಂಟಿಸಿದ ಚೀಟಿಯ ಕೆಳಗೆ ಅಪ್ಪ ತಮ್ಮ ದಪ್ಪ ಅಕ್ಷರದಲ್ಲಿ ಒಂದು ಸಾಲು ಸೇರಿಸಿದ್ದಾರೆ: "ನನ್ನ ಕೇಳದ ಯಾರೂ ವಾಯರ್ ಕೀಳಬ್ಯಾಡ್ರಿ."